ಸಮುದ್ರವೇ ಇಲ್ಲದ ಬೀಚ್ ಪಿಕ್ನಿಕ್: ‘ಹುಣ್ಣಿಮೆ ಸ್ಪೆಷಲ್’ ಪ್ಯಾಕೇಜಿಗೆ ಅಡ್ವಾನ್ಸ್ ಕೊಡೋ ಮುಂಚೆ ಓದಿ

ಕಡಲತೀರದ ಪಾರ್ಕಿನಲ್ಲಿ ಫ್ಯಾಮಿಲಿ ಪಿಕ್ನಿಕ್ ಅಂತ ಪ್ಯಾಕೇಜ್ ಮಾರುವವರಿಗೆ ದುಡ್ಡು ಕಳಿಸೋಕೆ ಹೊರಟಿದ್ದರೆ ದಯವಿಟ್ಟು ಒಂದೈದು ನಿಮಿಷ ತಡೀರಿ. ಸಿಟ್ಟಲ್ಲೇ ಬರೀತಾ ಇದ್ದೀನಿ, ಹೇಳಿದ್ದೇ ಹೇಳಿದ್ದರೆ ಕ್ಷಮಿಸಿ.

ಪ್ಯಾಕೇಜು ಇಷ್ಟು: ಬೆಳಿಗ್ಗೆ 11ರಿಂದ ಮಧ್ಯಾಹ್ನ 3. ನೀರಂಚಿಗೆ ಟೆಂಟು, ಇಬ್ಬರು ಕೂರುವ ಎರಡು ಕಯಾಕ್ ದೋಣಿ, ಮಕ್ಕಳಿಗೆ ಲೈಫ್ ಜಾಕೆಟ್, ಒಂದು ಇದ್ದಿಲ ಒಲೆ. ಅರ್ಧ ದುಡ್ಡು ಬುಕಿಂಗಿಗೆ, ಉಳಿದರ್ಧ ಹಿಂದಿನ ರಾತ್ರಿ. ಎಲ್ಲರೂ ಹೀಗೇ ತಗೊಳ್ಳೋದು, ಅದರಲ್ಲಿ ಅನುಮಾನ ಪಡುವಂಥದ್ದು ಏನೂ ಇಲ್ಲ. ಕಳಿಸಿದ ಫೋಟೋದಲ್ಲಿ ಟೆಂಟಿನ ಹಗ್ಗದಿಂದ ಹತ್ತು ಹೆಜ್ಜೆಗೆ ಅಲೆ.

ಹೋಗಿ ನೋಡಿದರೆ ಟೆಂಟ್ ಇದೆ. ಕಯಾಕ್ ಇದೆ. ಸಮುದ್ರ ಇಲ್ಲ.

ಇಲ್ಲ ಅಂದರೆ ಇಲ್ಲ. ಎದುರಿಗೆ ಸುಮಾರು 400 ಮೀಟರ್ ಬರೀ ಕೆಸರು, ಅದರಾಚೆ ಬೆಳ್ಳಗೆ ಒಂದು ಗೆರೆ. ಅದೇ ಸಮುದ್ರವಂತೆ. ಕಯಾಕನ್ನು ಅಲ್ಲಿತನಕ ಎಳೆಯೋಕೆ ಹೋದರೆ ಹತ್ತನೇ ಹೆಜ್ಜೆಗೇ ಕಾಲು ಮೊಣಕಾಲವರೆಗೆ ಹೂತುಹೋಗುತ್ತೆ. ಟೆಂಟಿನ ಹುಡುಗನನ್ನ ಕೇಳಿದರೆ ‘ಆಫೀಸಿಗೆ ಫೋನ್ ಮಾಡಿ’ ಅಂದ. ಫೋನ್ ಮಾಡಿದರೆ ಬಂದ ಉತ್ತರಗಳನ್ನ ಹಾಗೇ ಹಾಕ್ತೀನಿ:

‘ನೀರು ಬರುತ್ತೆ ಸಾರ್, ಸ್ವಲ್ಪ ಕಾಯಿರಿ.’
ಎಷ್ಟೊತ್ತಿಗೆ?
‘ಬರುತ್ತೆ ಸಾರ್.’
ಎಷ್ಟೊತ್ತಿಗೆ ಅಂತ ಹೇಳಿ.
‘ಪ್ರಕೃತಿ ಸಾರ್, ನಮ್ಮ ಕೈಲಿ ಏನಿದೆ?’

ಹೌದಲ್ವಾ, ಪಾಪ, ಪ್ರಕೃತಿ ಅಂತ ಒಂದು ಕ್ಷಣ ನಂಬಿಬಿಟ್ಟಿದ್ದಕ್ಕೆ ಈಗಲೂ ನಾಚಿಕೆ ಆಗುತ್ತೆ. ಆಮೇಲೆ ಕಣ್ಣಿಗೆ ಬಿದ್ದಿದ್ದು ಪಾರ್ಕಿನ ಗೇಟಿನ ಪಕ್ಕದ ಬೋರ್ಡು. ಆ ತಿಂಗಳ ಭರತ-ಇಳಿತದ ಪಟ್ಟಿ, ಅಂದರೆ ಸಮುದ್ರದ ನೀರು ಪೂರ್ತಿ ಏರೋ, ಪೂರ್ತಿ ಇಳಿಯೋ ಹೊತ್ತು, ಒಂದೊಂದು ದಿನಕ್ಕೂ ನಾಲ್ಕು ಸಮಯ. ಅವತ್ತಿನ ಸಾಲಿನಲ್ಲಿ ಅಚ್ಚಾಗಿತ್ತು: ಇಳಿತ 12.40. ಬೆಳಗಿನ ಭರತ ಆರೂಕಾಲರ ಮೇಲೆ, ಸಂಜೆಯದು ಏಳು ಗಂಟೆ ಹತ್ತಿರ. 11ರಿಂದ 3 ಅಂದರೆ ಇಳಿತದ ಎರಡೂ ಪಕ್ಕ ಸರಿಯಾಗಿ ಬಿಗಿದು ಕಟ್ಟಿದ ಹಾಗೆ! ಈ ಪಟ್ಟಿ ವರ್ಷಕ್ಕೆ ಮುಂಚೆಯೇ ಸಿದ್ಧವಾಗಿರುತ್ತೆ. ಬೀಚಿನಲ್ಲೇ ಹೊಟ್ಟೆಪಾಡು ಮಾಡೋರಿಗೆ ಗೊತ್ತಿರಲಿಲ್ಲ ಅಂದರೆ ಯಾರ ಕಿವಿಗೆ ಹೂವು?

ಇನ್ನೂ ಉರಿಯೋದು ಮುಂದಿದೆ. ‘ಹುಣ್ಣಿಮೆ ಸ್ಪೆಷಲ್’ ಅಂತ ಮಾರಿದ್ದರಲ್ಲ, ಹುಣ್ಣಿಮೆ ಅಮಾವಾಸ್ಯೆ ಮತ್ತು ಅದರ ಮುಂದಿನ ಒಂದೆರಡು ದಿನ ನೀರು ಏರೋದೂ ಜಾಸ್ತಿ, ಇಳಿಯೋದೂ ಜಾಸ್ತಿ. ಸೂರ್ಯ ಚಂದ್ರ ಭೂಮಿ ಒಂದೇ ಸಾಲಿಗೆ ಬಂದು ಸೆಳೆತ ಕೂಡಿಕೊಳ್ಳುತ್ತೆ. ಅವತ್ತು ಏರಿಳಿತದ ಅಂತರ 4 ಮೀಟರ್. ಆ ತೀರ 100 ಮೀಟರಿಗೆ ಒಂದು ಮೀಟರಷ್ಟೇ ಇಳಿಜಾರು, ಹಾಗಾಗಿ ನೀರು 400 ಮೀಟರ್ ಹಿಂದೆ ಹೋಗಿತ್ತು. ಲೆಕ್ಕ ಅಷ್ಟೇ, ಪವಾಡ ಏನಿಲ್ಲ. ಮತ್ತೆ ಒಂದೇ ಜಾಗದಲ್ಲಿ ಹುಣ್ಣಿಮೆ ಅಮಾವಾಸ್ಯೆಗಳ ಇಳಿತ ಹೆಚ್ಚುಕಡಿಮೆ ಅದೇ ಹೊತ್ತಿಗೆ ಬೀಳುತ್ತೆ. ಅಂದರೆ ಆ ತೀರದಲ್ಲಿ ಪ್ರತೀ ಹುಣ್ಣಿಮೆಗೂ ನಡುಮಧ್ಯಾಹ್ನ ಕೆಸರೇ. ಪ್ರತೀ ಸಲ! ಅದನ್ನೇ ಸ್ಪೆಷಲ್ ಅಂತ ಹೆಸರಿಟ್ಟು ಮಾರ್ತಾರೆ.

ಕಯಾಕ್ ಬದಲಿಗೆ ಏನು ಕೊಟ್ಟರು ಗೊತ್ತಾ? ‘ಆ ಮರಳ ದಿಬ್ಬದ ತನಕ ಮಕ್ಕಳನ್ನ ಕರ್ಕೊಂಡು ಹೋಗಿ ಸಾರ್, ಚಿಪ್ಪು ಸಿಗುತ್ತೆ.’ ಇದನ್ನ ಓದ್ತಿರೋ ತಂದೆತಾಯಂದಿರು ದಯವಿಟ್ಟು ಗಮನ ಕೊಡಿ. ಇಳಿತದಿಂದ ಭರತಕ್ಕೆ ಆರು ಗಂಟೆ ಚಿಲ್ಲರೆ ಅಂತ ಇಟ್ಟುಕೊಳ್ಳಿ. ಮೊದಲ ಗಂಟೆ ಏರುವುದು ಒಟ್ಟು ಎತ್ತರದ ಹನ್ನೆರಡರಲ್ಲಿ ಒಂದು ಪಾಲು, ಎರಡನೇ ಗಂಟೆ ಎರಡು ಪಾಲು, ಮೂರು ಮತ್ತು ನಾಲ್ಕನೇ ಗಂಟೆಗಳಲ್ಲಿ ಮೂರು ಮೂರು ಪಾಲು, ಆಮೇಲೆ ಎರಡು, ಕೊನೆಗೆ ಒಂದು. ಮೊದಲೆರಡು ಗಂಟೆ ‘ಏನೂ ಬರ್ತಾ ಇಲ್ಲವಲ್ಲ’ ಅನ್ನಿಸುತ್ತೆ. ಮೂರನೇ ಗಂಟೆಯಲ್ಲಿ, ಅವತ್ತಿನ ಲೆಕ್ಕದಲ್ಲಿ, ಒಂದೇ ತಾಸಿಗೆ ಒಂದು ಮೀಟರ್ ನೀರು. ಅದೂ ಎದುರಿಗೆ ಅಲೆಯಾಗಿ ಬರಲ್ಲ. ದಿಬ್ಬಕ್ಕೂ ದಡಕ್ಕೂ ನಡುವೆ ತಗ್ಗು ಕಾಲುವೆಗಳು ಇರ್ತವಲ್ಲ, ಮೊದಲು ತುಂಬೋದು ಅವೇ. ದಿಬ್ಬದ ಮೇಲೆ ಮಕ್ಕಳು ಇನ್ನೂ ಒಣಮರಳಲ್ಲಿ ಆಡ್ತಾ ಇರ್ತಾರೆ, ಬೆನ್ನ ಹಿಂದೆ ದಾರಿ ಮುಚ್ಚಿರುತ್ತೆ. ಯಾವ ಹೊತ್ತಿಗೆ ವಾಪಸ್ ಬರಬೇಕು ಅಂತ ಆ ಹುಡುಗ ಹೇಳಲಿಲ್ಲ. ಹೇಳೋಕೆ ಅವನಿಗೆ ಗೊತ್ತಿದ್ದರೆ ತಾನೆ.

ಲೈಫ್ ಜಾಕೆಟ್ ಕಥೆ. ಐದು ವರ್ಷದ ಮಗುವಿಗೆ ಕೊಟ್ಟಿದ್ದು ದೊಡ್ಡವರದ್ದು, ‘ಬೆಲ್ಟ್ ಎಳೆದರೆ ಸರಿಯಾಗುತ್ತೆ’ ಅಂತ. ಎರಡೂ ಹೆಗಲ ಹತ್ತಿರ ಹಿಡಿದು ಮೇಲಕ್ಕೆತ್ತಿದರೆ ಜಾಕೆಟ್ ಕಿವಿವರೆಗೆ ಬಂತು. ನೀರಲ್ಲೂ ಅದೇ ಆಗೋದು, ಜಾಕೆಟ್ ತೇಲುತ್ತೆ, ಮಗು ಕೆಳಗೆ ಜಾರುತ್ತೆ. ಚಿಕ್ಕ ಮಕ್ಕಳದ್ದಕ್ಕೆ ತೊಡೆ ನಡುವೆ ಹಾಯುವ ಪಟ್ಟಿ ಇರಲೇಬೇಕು. ಒಳಗಿನ ಚೀಟಿಯಲ್ಲಿ ತೂಕ ಬರೆದಿರುತ್ತೆ, ಜೊತೆಗೆ ಎಷ್ಟು ಬಲದಿಂದ ತೇಲಿಸುತ್ತೆ ಅನ್ನೋದಕ್ಕೆ 50 ಅಥವಾ 100 ಅಂತ ಒಂದು ಸಂಖ್ಯೆ. 50ರದ್ದು ಈಜು ಬಲ್ಲವರಿಗೆ, ಎಚ್ಚರ ತಪ್ಪಿದವರನ್ನು ಅದು ಮುಖ ಮೇಲಾಗಿ ತಿರುಗಿಸಲ್ಲ. ಈಜು ಬಾರದ ಮಗುವಿಗೆ 100ಕ್ಕಿಂತ ಕಮ್ಮಿ ಬೇಡ. ಅಲ್ಲಿದ್ದವೆಲ್ಲ 50, ಒಳಗಿನ ಫೋಮು ಅಪ್ಪಚ್ಚಿ.

ಟೆಂಟಿನ ಗೂಟಗಳು ಒಣಮರಳಲ್ಲಿ ಒಂದು ಗೇಣು ಹೋಗಿದ್ದವು, ಮಧ್ಯಾಹ್ನದ ಕಡಲಗಾಳಿಗೆ ಕಿತ್ತು ಬಂದವು. ಮರಳು ತುಂಬಿದ ಚೀಲಕ್ಕೆ ಹಗ್ಗ ಕಟ್ಟಿ ಮೊಳದುದ್ದ ಆಳಕ್ಕೆ ಹೂತರೆ ನಿಲ್ಲುತ್ತೆ, ಅವರಿಗೆ ಅಷ್ಟೂ ಪುರುಸೊತ್ತಿಲ್ಲ. ಆಮೇಲೆ ಟೆಂಟಿನ ಹುಡುಗ ಒಲೆಯ ಕೆಂಡದ ಮೇಲೆ ಕಾಲಲ್ಲಿ ಮರಳು ಎಳೆದು ಹೋಗೋಕೆ ನೋಡಿದ. ಮರಳು ಮುಚ್ಚಿದ ಕೆಂಡ ಆರಲ್ಲ ಮಾರಾಯ್ರೆ, ಗಂಟೆಗಟ್ಟಲೆ ಕಾದೇ ಇರುತ್ತೆ, ಮೇಲಿಂದ ಕಾಣೋದೂ ಇಲ್ಲ. ಬರಿಗಾಲಿನ ಮಕ್ಕಳು ಓಡಾಡೋ ಜಾಗ ಅದು. ಬಕೆಟ್ ನೀರು ಸುರಿದು, ಕೆದಕಿ, ಮತ್ತೆ ಸುರಿದು, ಇದ್ದಿಲನ್ನ ಹೊತ್ತೊಯ್ಯಬೇಕು.

ದುಡ್ಡು ವಾಪಸ್ ಕೇಳಿದ್ದಕ್ಕೆ: ‘ಹವಾಮಾನದ ಕಾರಣಕ್ಕೆ ಹಣ ಹಿಂತಿರುಗಿಸಲ್ಲ, ನಿಯಮದಲ್ಲೇ ಇದೆ ಸಾರ್.’ ಇಳಿತ ಹವಾಮಾನ ಅಲ್ಲ ಸ್ವಾಮಿ! ಮಳೆ ತಪ್ಪಬಹುದು, ಗಾಳಿ ತಪ್ಪಬಹುದು, 12.40 ತಪ್ಪಲ್ಲ. ಈ ಮಾತು ಹೇಳಿದ ಮೇಲೆ ಮೆಸೇಜಿಗೆ ಎರಡು ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ.

ಬುಕ್ ಮಾಡುವವರು ತಾರೀಕು ಹೇಳುವ ಮೊದಲು ಆ ತೀರದ ಪಟ್ಟಿ ನೋಡಿ. ಕಯಾಕ್ ಬೇಕಿದ್ದರೆ ಭರತದ ಆಚೀಚೆ ಎರಡು ಗಂಟೆ. ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗೋದರಿಂದ ಅದೇ ತೀರದಲ್ಲಿ ಅಷ್ಟಮಿ ಹೊತ್ತಿಗೆ ಮಧ್ಯಾಹ್ನವೇ ಭರತ ಇರುತ್ತೆ, ಏರಿಳಿತವೂ ಮೆತ್ತಗೆ. ಫೋಟೋ ಕಳಿಸಿದರೆ ಎಷ್ಟು ಗಂಟೆಯದು ಅಂತ ಕೇಳಿ. ‘ನೀರು ಎಷ್ಟೊತ್ತಿಗೆ’ ಅನ್ನೋ ಪ್ರಶ್ನೆಗೆ ಸಮಯ ಹೇಳದೆ ‘ಬರುತ್ತೆ’ ಅಂದರೆ ಫೋನ್ ಇಡಿ.

ಮೂರು ದಿನ ಬಿಟ್ಟು ಅವರೇ ಮೆಸೇಜ್ ಮಾಡಿದ್ದಾರೆ. ‘ಬೇಜಾರಾಗಬೇಡಿ ಸಾರ್, ಮುಂದಿನ ಬುಕಿಂಗಿಗೆ 10% ಬಿಡ್ತೀವಿ. ಅಮಾವಾಸ್ಯೆ ಮಾರನೇ ದಿನ ಖಾಲಿ ಇದೆ, 11ರಿಂದ 3.’