ಮನೆ ತೆರಿಗೆ ಲೆಕ್ಕ ಮಾಡಿಕೊಡುವ ಜೆರಾಕ್ಸ್ ಅಂಗಡಿ: ನನ್ನ ಅನುಭವ

ಮಂಗಳೂರಿನ ಬಿಜೈ ಕಡೆ ಇರುವ ಒಂದು ಪುಟ್ಟ ಜೆರಾಕ್ಸ್ ಅಂಗಡಿ ಬಗ್ಗೆ ಬರೆಯುತ್ತಿದ್ದೇನೆ. ಹೆಸರು ಹಾಕಬೇಡಿ, ಏಪ್ರಿಲ್‌ನಲ್ಲಿ ಜನ ತಡೆಯಲಿಕ್ಕೆ ಆಗುವುದಿಲ್ಲ ಅಂತ ಅಂಗಡಿಯವರೇ ಹೇಳಿದ್ದಾರೆ, ಹಾಗಾಗಿ ಹಾಕಿಲ್ಲ. ಮಂಗಳೂರು ಪಾಲಿಕೆಯ ಮನೆ ತೆರಿಗೆ ಫಾರ್ಮ್ ತುಂಬಿಸಿ ಚಲನ್ ತೆಗೆದುಕೊಡುತ್ತಾರೆ. ಆ ಕೆಲಸ ತುಂಬಾ ಕಡೆ ಮಾಡುತ್ತಾರೆ, ಆದರೆ ಇವರು ಪ್ರತಿ ಸಾಲು ಓದಿ ಹೇಳುತ್ತಾರೆ. ನನಗೆ ಬೇಕಾದ್ದು ಅದೇ.

ನಮ್ಮದು ಹಳೇ ಹಂಚಿನ ಮನೆ, ಅಜ್ಜ ಕಟ್ಟಿಸಿದ್ದು. ಮೂರು ವರ್ಷ ಬೇರೆ ಒಂದು ಕಡೆ ಫಾರ್ಮ್ ತುಂಬಿಸಿದ್ದೆ, ಅವರು ಕೊಟ್ಟ ಚಲನ್ ಹಿಡಿದು ಸುಮ್ನೆ ಹಣ ಕಟ್ಟಿ ಬಂದಿದ್ದೆ. ಈ ಅಂಗಡಿಯವರು ಹಿಂದಿನ ವರ್ಷದ ರಸೀದಿ ಕೈಗೆ ತಗೊಂಡು ಕನ್ನಡಕ ಹಣೆಗೇರಿಸಿ ಒಂದು ನಿಮಿಷ ನೋಡಿದರು. "ಅಕ್ಕಾ, ನಿಮ್ಮದು ಹಂಚಿನ ಮನೆ ಅಲ್ವಾ? ಇದರಲ್ಲಿ ಆರ್‌ಸಿಸಿ ಅಂತ ಉಂಟಲ್ಲ!" ಅಂದರು. ಕಟ್ಟಿದ ವರ್ಷದ ಜಾಗದಲ್ಲೂ ತಪ್ಪು. ಮನೆ ಹಳೆಯದಾದಷ್ಟೂ ಸವಕಳಿ ಅಂತ ಕಳೆಯಬೇಕು, ನಮ್ಮದಕ್ಕೆ ಹೊಸ ಮನೆ ಲೆಕ್ಕ ಹಾಕಿದ್ದರು. ಮೂರು ವರ್ಷ ಜಾಸ್ತಿ ಕಟ್ಟಿದ್ದೆ, ನೋಡಿ. ಸೆಲ್ಫ್ ಅಸೆಸ್‌ಮೆಂಟ್ ಅಂದರೆ ಲೆಕ್ಕ ಕೊಡುವುದು ನಾವೇ, ತಪ್ಪಿದರೆ ಹೊರೆಯೂ ನಮ್ಮದೇ. ಅವರೇ ತಿದ್ದುಪಡಿ ಅರ್ಜಿ ಬರೆದುಕೊಟ್ಟರು, ಮಾಡಿನ (ಚಾವಣಿಯ) ಫೋಟೋ ತೆಗೆದು ಜೊತೆಗಿಡಿ ಅಂದರು. ಈ ವರ್ಷದ್ದು ಸರಿಯಾಯಿತು. ಹಳೆಯದು ಇನ್ನೂ ಬಾಕಿ ಇದೆ, ಬಿಡುವುದಿಲ್ಲ ನಾನು.

ಆಮೇಲೆ ತೆರಿಗೆ ಮೇಲೆ ಸೇರಿಸುವ ಕರಗಳ (ಸೆಸ್) ವಿಷಯ. ರಸೀದಿಯಲ್ಲಿ ತೆರಿಗೆ ಕೆಳಗೆ ಸಣ್ಣ ಅಕ್ಷರದಲ್ಲಿ ಇರುತ್ತವಲ್ಲ, ಅವನ್ನು ನಾನು ಒಮ್ಮೆಯೂ ಓದಿದವಳಲ್ಲ. ಆರೋಗ್ಯ ಕರ 15%, ಗ್ರಂಥಾಲಯ ಕರ 6%, ಭಿಕ್ಷುಕರ ಕರ 3%. ಮೂರೂ ಸೇರಿ 24%. ತೆರಿಗೆ 4,000 ರೂಪಾಯಿ ಆದರೆ ಇವೇ 960 ಆಗುತ್ತವೆ. ಈ ದರಗಳನ್ನು ನಮ್ಮ ಕಾರ್ಪೊರೇಟರ್ ಕೂತು ತೀರ್ಮಾನಿಸುವುದಲ್ಲ, ರಾಜ್ಯದ ಬೇರೆ ಬೇರೆ ಕಾಯ್ದೆಗಳಿಂದ ಬಂದವು, ಪಾಲಿಕೆ ವಸೂಲಿ ಮಾಡುತ್ತದೆ ಅಷ್ಟೇ. ಇಷ್ಟು ವರ್ಷ ನಾನು ಬೈಯುತ್ತಿದ್ದ ಜಾಗವೇ ಬೇರೆ. ಗ್ರಂಥಾಲಯ ಕರ ಕೇಳಿದಾಗ ಬಾವುಟಗುಡ್ಡೆಯ ಲೈಬ್ರರಿಯಲ್ಲಿ ಪರೀಕ್ಷೆಗೆ ಓದುತ್ತಾ ಕೂತಿರುವ ಮಕ್ಕಳು ನೆನಪಾದರು. 4,000ಕ್ಕೆ ಅದು 240 ರೂಪಾಯಿ, ಕೊಡಲು ನನಗೆ ಬೇಸರವಿಲ್ಲ.

ಕಸದ ಶುಲ್ಕ ಬೇರೆ. ಅದು ಶೇಕಡಾ ಲೆಕ್ಕವಲ್ಲ, ಕಟ್ಟಡದ ಅಳತೆ ನೋಡಿ ಹಾಕುತ್ತಾರೆ. ಇಲ್ಲಿ ನನಗೆ ಮಾತು ಜಾಸ್ತಿ ಇದೆ. 2019ರ ಆಗಸ್ಟ್‌ನಲ್ಲಿ ಪಾಲಿಕೆ ಕಸ ಸುರಿಯುವ ಪಚ್ಚನಾಡಿಯ ರಾಶಿ ಮಳೆಗೆ ಜಾರಿ ಪಕ್ಕದ ಮಂದಾರ ಊರಿಗೆ ನುಗ್ಗಿತು, ಮನೆ, ತೋಟ ಎಲ್ಲ ಕಸದಡಿ ಹೋಯಿತು, ಜನ ಊರು ಬಿಡಬೇಕಾಯಿತು. ನಾವು ಹಸಿ ಕಸ ಒಣ ಕಸ ಬೇರೆ ಮಾಡಿ ಕೊಟ್ಟು, ಮೇಲೆ ದುಡ್ಡೂ ಕೊಡುತ್ತೇವೆ ಅಂದ ಮೇಲೆ ಅದು ಎಲ್ಲಿಗೆ ಹೋಗುತ್ತದೆ, ಎಂತ ಆಗುತ್ತದೆ ಅಂತ ಕೇಳುವ ಹಕ್ಕು ನಮಗೆ ಉಂಟು.

ಅಂಗಡಿಯವರು ಹೇಳಿದ ಇನ್ನೊಂದು ಮಾತು ತಲೆಯಲ್ಲಿ ಉಳಿದಿದೆ. 2021ರ ತಿದ್ದುಪಡಿ ಆದ ಮೇಲೆ ತೆರಿಗೆಯನ್ನು ಜಾಗದ ಮಾರ್ಗಸೂಚಿ ದರಕ್ಕೆ (ಸರಕಾರ ಗೊತ್ತು ಮಾಡಿದ ಬೆಲೆಗೆ) ಜೋಡಿಸಿದ್ದಾರೆ, ಪ್ರತಿ ವರ್ಷ 3ರಿಂದ 5% ಏರುತ್ತದೆ. ಕಾಯ್ದೆ ಹಾಕಿದ ಮಿತಿಯೊಳಗೆ ದರ ಎಷ್ಟಿರಬೇಕು ಅಂತ ತೀರ್ಮಾನಿಸುವುದು ಪಾಲಿಕೆ. ಅಂದರೆ ನಾವು ಆರಿಸಿ ಕಳಿಸುವ 60 ಮಂದಿ. 2019ರ ನವೆಂಬರ್‌ನಲ್ಲಿ ಆರಿಸಿದವರ ಅವಧಿ 2025ರ ಫೆಬ್ರವರಿಗೆ ಮುಗಿದು ಆಡಳಿತಾಧಿಕಾರಿ ಬಂದರು. ಅಂಥ ಹೊತ್ತಲ್ಲಿ ದರ ಏರಿದರೆ ಕೇಳಲು ವಾರ್ಡಿನಲ್ಲಿ ನಮ್ಮವರು ಅಂತ ಯಾರೂ ಇರುವುದಿಲ್ಲ. ಓಟು ಕೇಳಲು ಬಂದವರಿಗೆ ಚರಂಡಿ, ದಾರಿದೀಪದ ಜೊತೆ ಇದನ್ನೂ ಕೇಳಬೇಕು ಅಂತ ನಾನು ರಸೀದಿ ಹಿಂದೆಯೇ ಬರೆದಿಟ್ಟಿದ್ದೇನೆ.

ಕೊರತೆ ಅಂದರೆ ಕೂರಲು ಜಾಗವಿಲ್ಲ, ಒಂದೇ ಸ್ಟೂಲು. ಪ್ರಿಂಟರ್ ಆಗಾಗ ನಿಲ್ಲುತ್ತದೆ. ನನಗೆ ಒಟ್ಟು ಮುಕ್ಕಾಲು ಗಂಟೆ ಹಿಡಿಯಿತು, ನೂರು ರೂಪಾಯಿ ತಗೊಂಡರು. ಇಷ್ಟು ವಿವರಿಸಿದ್ದಕ್ಕೆ ಅದು ಕಮ್ಮಿಯೇ.

ಯಾರಲ್ಲಿ ಮಾಡಿಸಿದರೂ ಹಳೇ ರಸೀದಿ, ಡೋರ್ ನಂಬರ್, ಖಾತಾ ಪ್ರತಿ ತಗೊಂಡು ಹೋಗಿ. ಏಪ್ರಿಲ್ 30ರೊಳಗೆ ಕಟ್ಟಿದರೆ 5% ರಿಯಾಯಿತಿ, ಜೂನ್ ದಾಟಿದರೆ ತಿಂಗಳಿಗೆ 2% ದಂಡ. ಕೊನೇ ವಾರಕ್ಕೆ ಇಡಬೇಡಿ, ಸಾಲು ರಸ್ತೆಗೆ ಬರುತ್ತದೆ. ಹಣ ಕಟ್ಟುವ ಮೊದಲು ಮಾಡು ಯಾವುದು, ಕಟ್ಟಿದ ವರ್ಷ ಯಾವುದು ಅಂತ ಚಲನ್‌ನಲ್ಲಿ ನೀವೇ ಒಮ್ಮೆ ಬೆರಳಿಟ್ಟು ಓದಿ.