ಪ್ಯಾಟರ್ನ್ ಪೂರ್ತಿ ಮಾರೋದಾ, ಲೈಸೆನ್ಸ್ ಕೊಡೋದಾ, ಪ್ರಿಂಟ್ ಆನ್ ಡಿಮ್ಯಾಂಡ್‌ಗೆ ಹಾಕೋದಾ? ಮೂರೂ ಮಾಡಿ ನೋಡ್ದೆ

ಬಟ್ಟೆ ಮೇಲೆ ಪ್ರಿಂಟ್ ಆಗೋ ಪ್ಯಾಟರ್ನ್ ಬಿಡಿಸೋದು ನನ್ನ ಕೆಲಸ. ಮೊದ್ಲೇ ಹೇಳ್ಬಿಡ್ತೀನಿ, ನನ್ನ ವೋಟು ಪೂರ್ತಿ ಮಾರೋದಕ್ಕೆ. ಡಿಸೈನ್ ಕೊಡು, ದುಡ್ಡು ತಗೋ, ಕೈ ತೊಳ್ಕೋ. ಈ ಫೀಲ್ಡಲ್ಲಿ ಕೋರ್ಸ್ ಮಾಡೋರೆಲ್ಲ "ಕಾಪಿರೈಟ್ ಯಾವತ್ತೂ ಮಾರ್ಬೇಡಿ, ಲೈಸೆನ್ಸ್ ಕೊಡಿ, ನೀವು ಮಲಗಿದ್ರೂ ದುಡ್ಡು ಬರ್ತಾ ಇರುತ್ತೆ" ಅಂತಾರಲ್ಲ, ನಾನೂ ಅದನ್ನೇ ನಂಬಿ ಎರಡು ವರ್ಷ ಕಾದೆ, ಮಲಗಿದ್ದು ನಾನಲ್ಲ, ದುಡ್ಡು.

ನಂದು ಏಳು ವರ್ಷದ ಅನುಭವ. ಮೊದಲ ಎರಡು ವರ್ಷ ಒಂದು ಪ್ರಿಂಟ್ ಸ್ಟುಡಿಯೋದಲ್ಲಿ ಸಂಬಳಕ್ಕೆ ಕೆಲಸ, ಆಮೇಲೆ ಸ್ವಂತವಾಗಿ. ಕೆಲಸದ ಬಗ್ಗೆ ಇಲ್ಲಿ ಜಾಸ್ತಿ ಬರೆಯಲ್ಲ, ಅಲ್ಲಿ ಬಿಡಿಸಿದ್ದೆಲ್ಲ ಕಂಪನಿದು, ಹೆಸರೂ ಅವರ್ದೇ, ಆದ್ರೆ ಕಲರ್ ಸೆಪರೇಷನ್, ಅಂದ್ರೆ ಪ್ರಿಂಟ್‌ಗೆ ಒಂದೊಂದು ಬಣ್ಣವನ್ನೂ ಬೇರೆ ಬೇರೆ ಮಾಡೋದು, ಕಲಿತಿದ್ದು ಅಲ್ಲೇ, ಅದೊಂದಕ್ಕಾದ್ರೂ ಯಾರಾದ್ರೂ ಒಂದು ವರ್ಷ ಕೆಲಸ ಮಾಡಿ ಅಂತೀನಿ. ಇಲ್ಲಿ ಹೋಲಿಸ್ತಿರೋದು ಸ್ವಂತವಾಗಿ ಮಾಡೋರಿಗೆ ಇರೋ ಮೂರು ದಾರಿ ಮಾತ್ರ.

ಪ್ರಿಂಟ್ ಆನ್ ಡಿಮ್ಯಾಂಡ್ ಮೊದ್ಲು ಮುಗಿಸ್ಬಿಡ್ತೀನಿ, ಯಾಕಂದ್ರೆ ಅದ್ರಲ್ಲಿ ನಾನು ಕಮ್ಮಿ ದಿನ ಇದ್ದೆ. ಆರ್ಡರ್ ಬಂದ್ಮೇಲೆ ಪ್ರಿಂಟ್ ಮಾಡೋ ವೆಬ್‌ಸೈಟಿಗೆ ಡಿಸೈನ್ ಅಪ್‌ಲೋಡ್ ಮಾಡ್ತೀರಿ, ಯಾರಾದ್ರೂ ಒಂದು ಮೀಟರ್ ಬಟ್ಟೆ ತಗೊಂಡ್ರೆ ಅದ್ರಲ್ಲಿ ಒಂದು ಸಣ್ಣ ಪಾಲು ನಿಮಗೆ. ಯಾರನ್ನೂ ಕೇಳೋ ಹಂಗಿಲ್ಲ, ಕಾಪಿರೈಟೂ ನಿಮ್ಮತ್ರಾನೇ ಇರುತ್ತೆ, ಅದೆಲ್ಲ ಚೆನ್ನಾಗೇ ಇದೆ. ಆದ್ರೆ ಲಕ್ಷಗಟ್ಟಲೆ ಡಿಸೈನ್ ಮಧ್ಯೆ ನಿಮ್ಮದನ್ನ ಜನ ಹುಡುಕಿಕೊಂಡು ಬರೋ ಹಾಗೆ ಮಾಡೋದು ನಿಮ್ಮದೇ ಕೆಲಸ, ದಿನಾ ಪೋಸ್ಟ್ ಹಾಕ್ಬೇಕು, ಟ್ಯಾಗ್ ಹಾಕ್ಬೇಕು, ನಾನು ಸೋಮಾರಿ. ಇನ್ನೊಂದು, ಒಂದು ಟೈಲ್‌ನ (ಬಟ್ಟೆ ತುಂಬ ಪಕ್ಕಪಕ್ಕ ರಿಪೀಟ್ ಆಗ್ತಾ ಹೋಗೋ ಡಿಸೈನ್ ತುಂಡು) ಅಂಚಲ್ಲಿ ಸಾಫ್ಟ್ ಬ್ರಷ್‌ನ ಅರೆಪಾರದರ್ಶಕ ಪಿಕ್ಸೆಲ್ ಉಳ್ಕೊಂಡಿತ್ತು, ಸ್ಕ್ರೀನ್ ಮೇಲೆ ಕಾಣ್ಲಿಲ್ಲ, ಬಟ್ಟೆ ಮೇಲೆ ಮಾತ್ರ ಪ್ರತಿ ರಿಪೀಟ್‌ಗೂ ಒಂದು ಕೂದಲೆಳೆ ಗೆರೆ. ಮೊದಲ ಗಿರಾಕಿಯೇ ಫೋಟೋ ಕಳ್ಸಿದ್ರು. ಅವತ್ತಿಂದ ಆಫ್‌ಸೆಟ್ ಹಾಕಿ ಅಂಚನ್ನ ಮಧ್ಯಕ್ಕೆ ತಂದು, ನಾನೂರು ಪರ್ಸೆಂಟ್ ಜೂಮ್‌ನಲ್ಲಿ ನೋಡದೆ ಯಾವ ಫೈಲೂ ಹೊರಗೆ ಬಿಡಲ್ಲ. ಪೋರ್ಟ್‌ಫೋಲಿಯೋಗೆ ಬಟ್ಟೆ ಸ್ಯಾಂಪಲ್ ಬೇಕಂದಾಗ ಈಗ್ಲೂ ಇದನ್ನೇ ಬಳಸ್ತೀನಿ, ಹೊಟ್ಟೆಪಾಡಿಗಲ್ಲ.

ಈಗ ಲೈಸೆನ್ಸ್. ಇದು ನನ್ನ ಹಳೇ ಗಾಯ, ಸ್ವಲ್ಪ ಉದ್ದ ಬರೀತೀನಿ, ಬೇಸರ ಆದ್ರೆ ಕೆಳಗೆ ಹೋಗಿ.

ಲೈಸೆನ್ಸ್ ಅಂದ್ರೆ ಡಿಸೈನ್ ಬಾಡಿಗೆಗೆ ಕೊಟ್ಟ ಹಾಗೆ. ಮಾಲೀಕರು ನೀವೇ, ಇಂಥ ಪ್ರಾಡಕ್ಟ್ ಮೇಲೆ ಇಷ್ಟು ವರ್ಷ ಹಾಕ್ಕೊಳ್ಳಿ ಅಂತ ಕಂಪನಿಗೆ ಅನುಮತಿ, ಮಾರಾಟ ಆದಷ್ಟಕ್ಕೆ ರಾಯಲ್ಟಿ. ಸಾಮಾನ್ಯವಾಗಿ ಶೇ. 3ರಿಂದ 10ರ ನಡುವೆ, ಅದೂ ಅಂಗಡಿ ಬೆಲೆ ಮೇಲಲ್ಲ, ಕಂಪನಿ ಅಂಗಡಿಗೆ ಕೊಡೋ ಹೋಲ್‌ಸೇಲ್ ಬೆಲೆ ಮೇಲೆ, ಇದನ್ನ ಗಮನಿಸದೆ ಲೆಕ್ಕ ಹಾಕಿ ಖುಷಿಪಟ್ಟೋರಲ್ಲಿ ನಾನೂ ಒಬ್ಬ. ಕಂಪನಿಗಳು ಒಂದು ಪ್ಯಾಟರ್ನ್ ಕೇಳಲ್ಲ, ಕಲೆಕ್ಷನ್ ಕೇಳ್ತಾರೆ: ಒಂದು ದೊಡ್ಡ ಹೀರೋ ಪ್ರಿಂಟು, ಅದಕ್ಕೆ ಜೊತೆಯಾಗೋ ಎರಡ್ಮೂರು ಸೆಕೆಂಡರಿ, ಆಮೇಲೆ ಚುಕ್ಕಿ ಗೆರೆ ಥರದ ಬ್ಲೆಂಡರ್‌ಗಳು. ನಾನು ಎಲೆಗಳ ಮೇಲೆ ಹನ್ನೊಂದು ಪ್ಯಾಟರ್ನ್‌ನ ಕಲೆಕ್ಷನ್ ಮಾಡಿದ್ದೆ, ಒಂದೊಂದೂ ಮೂರು ಕಲರ್‌ವೇನಲ್ಲಿ, ಅಂದ್ರೆ ಮೂರು ಬೇರೆ ಬೇರೆ ಬಣ್ಣದ ಜೋಡಣೆಯಲ್ಲಿ, ಹೆಚ್ಚುಕಮ್ಮಿ ನಾಲ್ಕು ತಿಂಗಳ ಕೆಲಸ. ಒಂದು ಕಂಪನಿಯವರು ಬಹಳ ಇಷ್ಟಪಟ್ಟು ತಗೊಂಡ್ರು. ಪರದೆ, ಬೆಡ್‌ಶೀಟ್, ಕುಶನ್ ಕವರ್‌ಗೆ. ಅಗ್ರಿಮೆಂಟು ಎಕ್ಸ್‌ಕ್ಲೂಸಿವ್, ಅಂದ್ರೆ ಆ ಪ್ರಾಡಕ್ಟ್‌ಗಳಿಗೆ ಬೇರೆ ಯಾರಿಗೂ ಕೊಡೋ ಹಾಗಿಲ್ಲ, ಮೂರು ವರ್ಷ, ಪ್ರಪಂಚ ಪೂರ್ತಿ. ಅಡ್ವಾನ್ಸ್ ಇಲ್ಲ. ನಾನು ಕೇಳ್ಲೂ ಇಲ್ಲ, ಕೇಳಿದ್ರೆ ಎಲ್ಲಿ ಬೇಡ ಅಂದ್ಬಿಡ್ತಾರೋ ಅಂತ ಭಯ.

ಆರು ತಿಂಗಳಿಗೆ ಸ್ಟ್ರೈಕ್ ಆಫ್ ಬಂತು, ಅಂದ್ರೆ ನಿಜವಾದ ಬಟ್ಟೆ ಮೇಲೆ ಮಾದರಿ ಪ್ರಿಂಟು. ಹಸಿರು ಸ್ವಲ್ಪ ಮಂಕಾಗಿತ್ತು, ಸರಿ ಮಾಡ್ಸಿದ್ವಿ, ಓಕೆ ಅಂದೆ. ಮನೇಲಿ ಎಲ್ಲರಿಗೂ ತೋರಿಸ್ದೆ. ಆಮೇಲೆ ನನ್ನ ಜೊತೆ ಮಾತಾಡ್ತಿದ್ದ ಮರ್ಚಂಡೈಸರ್, ಅಂದ್ರೆ ಕಂಪನೀಲಿ ಯಾವ ಡಿಸೈನ್ ಹಾಕ್ಬೇಕು ಅಂತ ನೋಡ್ಕೊಳ್ಳೋರು, ಕೆಲಸ ಬಿಟ್ರು. ಹೊಸಬರಿಗೆ ಜ್ಯಾಮಿತಿ ಡಿಸೈನ್ ಇಷ್ಟ, ಎಲೆ ಇಷ್ಟ ಇಲ್ಲ. ಕಲೆಕ್ಷನ್ ಆ ಸೀಸನ್‌ನಿಂದ ಮುಂದಕ್ಕೆ ಹೋಯ್ತು, ಮುಂದಿನ ಸೀಸನ್‌ನಿಂದ ಅದರ ಮುಂದಿನದಕ್ಕೆ, ಕೊನೆಗೆ ಯಾವುದಕ್ಕೂ ಇಲ್ಲ. ಸರಿ, ಬೇಡ ಅಂದ್ರೆ ವಾಪಸ್ ಕೊಡಿ ಅಂದೆ. ಅಗ್ರಿಮೆಂಟ್ ಮೂರು ವರ್ಷಕ್ಕಿದೆ ಅಂತ ಉತ್ತರ ಬಂತು. ಬಹಳ ಮರ್ಯಾದೆಯಿಂದಾನೇ ಬರೆದಿದ್ರು.

ಇಷ್ಟಕ್ಕೇ ಮುಗಿದಿದ್ರೆ ತಡ್ಕೋತಿದ್ದೆ. ಅದೇ ಎಲೆಗಳನ್ನ ಇನ್ನೊಬ್ಬರು ಮಕ್ಕಳ ಬಟ್ಟೆಗೆ ಕೇಳ್ಕೊಂಡು ಬಂದ್ರು. ಮಕ್ಕಳ ಬಟ್ಟೆಗೂ ಬೆಡ್‌ಶೀಟ್‌ಗೂ ಏನು ಸಂಬಂಧ, ಕೊಡಬಹುದು ಅಂದ್ಕೊಂಡು ಅಗ್ರಿಮೆಂಟ್ ತೆಗೆದು ನೋಡಿದ್ರೆ, ಪ್ರಾಡಕ್ಟ್‌ಗಳ ಪಟ್ಟಿ ಕೊನೇಲಿ "ಮತ್ತು ಸಂಬಂಧಪಟ್ಟ ಎಲ್ಲ ಜವಳಿ ಉತ್ಪನ್ನಗಳು" ಅಂತ ಒಂದು ಸಾಲು. ಆ ಒಂದು ಸಾಲಿಗೆ ಹನ್ನೊಂದು ಪ್ಯಾಟರ್ನೂ ಬೀಗ ಬಿತ್ತು. ಸಹಿ ಹಾಕೋವಾಗ ಅದನ್ನ ಓದಿದ್ದೆ, ಓದಿಲ್ಲ ಅಂತಲ್ಲ, ಏನೋ ವಕೀಲರ ಭಾಷೆ ಬಿಡು ಅಂತ ಮುಂದಕ್ಕೆ ಹೋಗಿದ್ದೆ.

ಮೂರು ತಿಂಗಳಿಗೊಂದ್ಸಲ ರಾಯಲ್ಟಿ ಸ್ಟೇಟ್‌ಮೆಂಟ್ ಮಾತ್ರ ತಪ್ಪದೆ ಬರುತ್ತೆ. ಲೆಟರ್‌ಹೆಡ್ಡು, ಟೇಬಲ್ಲು, ಹನ್ನೊಂದು ಸಾಲು, ಹನ್ನೊಂದು ಸೊನ್ನೆ, ಕೆಳಗೆ ಒಟ್ಟು ಅಂತ ಇನ್ನೊಂದು ಸೊನ್ನೆ. ಕೂಡಿಸಿ ಕೊಡ್ತಾರೆ, ನನಗೆ ಕಷ್ಟ ಆಗ್ಬಾರ್ದು ಅಂತ.

ಆಮೇಲೆ ಬುದ್ಧಿ ಬಂತು. ಲೈಸೆನ್ಸ್ ಕೊಡ್ಲೇಬೇಕು ಅಂದ್ರೆ ಪ್ರಾಡಕ್ಟ್ ಹೆಸರು ಹೇಳಿ ಬರೆಸ್ಕೊಳ್ಳಿ, "ಕುಶನ್ ಕವರ್" ಅಂದ್ರೆ ಕುಶನ್ ಕವರ್ ಅಷ್ಟೇ. ಇಂಥ ತಾರೀಖಿನೊಳಗೆ ಮಾರ್ಕೆಟ್‌ಗೆ ಬರ್ಲಿಲ್ಲ ಅಂದ್ರೆ ಹಕ್ಕು ತಾನಾಗೇ ವಾಪಸ್ ಅನ್ನೋ ಸಾಲು ಇರ್ಲಿ. ವಾಪಸ್ ಕೊಡಬೇಕಾಗಿಲ್ಲದ ಅಡ್ವಾನ್ಸ್ ಕೇಳಿ, ಅದನ್ನ ಅವರು ಆಮೇಲೆ ರಾಯಲ್ಟಿಯಲ್ಲಿ ಮುರ್ಕೊಂಡ್ರೂ ಪರವಾಗಿಲ್ಲ. ಮುಂಗಡ ಕೊಟ್ಟೋರು ಡಿಸೈನನ್ನ ಕಪಾಟಲ್ಲಿ ಇಡಲ್ಲ, ಹಾಕಿದ ದುಡ್ಡು ಎತ್ಕೋಬೇಕಲ್ಲ. ಅವಧಿ ಮುಗಿದ ಮೇಲೆ ಉಳಿದ ಸ್ಟಾಕ್ ಮಾರೋಕೆ ಎಷ್ಟು ತಿಂಗಳು ಅನ್ನೋದೂ ಬರೆದಿರ್ಬೇಕು. ಇದಾದ್ಮೇಲೆ ಇನ್ನೊಂದು ಕಡೆ ಲೈಸೆನ್ಸ್ ಕೊಟ್ಟೆ, ಮೂರೇ ಪ್ಯಾಟರ್ನು, ಬರೀ ಸ್ಟೇಷನರಿಗೆ, ಅದು ನೆಟ್ಟಗೆ ನಡೀತಿದೆ, ವರ್ಷಕ್ಕೆ ಬರೋದ್ರಲ್ಲಿ ನನ್ನ ಸಾಫ್ಟ್‌ವೇರ್ ಚಂದಾ ಕಳೆಯುತ್ತೆ. ಅಷ್ಟೇ ಕಳೆಯುತ್ತೆ.

ಪೂರ್ತಿ ಮಾರಾಟಕ್ಕೆ ಬಂದ್ರೆ, ಇಲ್ಲಿ ಕಥೆ ಕಮ್ಮಿ, ಅದೇ ಇದರ ಗುಣ. ಕಾಪಿರೈಟ್ ಸಮೇತ ಅವರದು, ಬಣ್ಣ ಬದಲಾಯಿಸ್ತಾರೋ, ಹೂವು ಕಿತ್ತು ಹಕ್ಕಿ ಕೂರಿಸ್ತಾರೋ ಅವರಿಷ್ಟ, ಒಂದ್ಸಲ ದುಡ್ಡು ಬರುತ್ತೆ, ಮುಗೀತು. ನಾನು ಏಜೆಂಟ್ ಮೂಲಕ ಮಾರ್ತೀನಿ, ಅವರು ಶೇ. 40 ಇಟ್ಕೋತಾರೆ, ಕೇಳೋಕೆ ಹೊಟ್ಟೆ ಉರಿಯುತ್ತೆ, ಆದ್ರೆ ಜನವರಿಯಲ್ಲಿ ಫ್ರಾಂಕ್‌ಫರ್ಟ್‌ನ ಹೈಮ್‌ಟೆಕ್ಸ್ಟಿಲ್, ಆಮೇಲೆ ಪ್ಯಾರಿಸ್‌ನ ಪ್ರೀಮಿಯರ್ ವಿಷನ್ ಅಂತ ಮೇಳ ಮೇಳ ಸುತ್ತಿ ಸೂಟ್‌ಕೇಸ್ ಬಿಚ್ಚಿ ತೋರ್ಸೋದು ಅವರೇ, ನಾನು ಮನೇಲಿ ಕೂತು ಬಿಡಿಸ್ತಿರ್ತೀನಿ.

ಇಲ್ಲಿ ಕೈ ಸುಟ್ಕೊಂಡಿದ್ದು ರಿಪೀಟ್ ಸೈಜಲ್ಲಿ. ಶುರುವಲ್ಲಿ ಎಲ್ಲಾನೂ 50 ಸೆಂಟಿಮೀಟರ್ ರಿಪೀಟಲ್ಲಿ ಮಾಡ್ತಿದ್ದೆ, ರೌಂಡ್ ನಂಬರ್ ಅಂತ. ಮಿಲ್‌ಗಳಲ್ಲಿ ಹೆಚ್ಚಾಗಿ ಇರೋ ರೋಟರಿ ಸ್ಕ್ರೀನ್‌ನ (ಬಟ್ಟೆ ಮೇಲೆ ಉರುಳ್ತಾ ಬಣ್ಣ ಹಾಕೋ ಸಿಲಿಂಡರ್) ಸುತ್ತಳತೆ 64 ಸೆಂಟಿಮೀಟರ್, ಸಿಲಿಂಡರ್ ಒಂದು ಸುತ್ತು ತಿರುಗಿದಾಗ ಡಿಸೈನ್ ಸರಿಯಾಗಿ ಬಂದು ಕೂಡ್ಬೇಕು, ಹಾಗಾಗಿ ಉದ್ದದ ರಿಪೀಟು 64 ಇರ್ಬೇಕು, ಇಲ್ಲ ಅದ್ರಲ್ಲಿ ಸಮನಾಗಿ ಭಾಗ ಹೋಗ್ಬೇಕು: 32, 21.3, 16. ಐವತ್ತು ಹೋಗಲ್ಲ. ಆಮೇಲೆ ಒಂದೊಂದು ಬಣ್ಣಕ್ಕೂ ಒಂದೊಂದು ಸ್ಕ್ರೀನ್, ನನ್ನ ವಾಟರ್‌ಕಲರ್ ಹೂವಲ್ಲಿ ಲೆಕ್ಕ ಹಾಕಿದ್ರೆ ಮೂವತ್ತು ಶೇಡ್ ಇತ್ತು, ಅದನ್ನ ಎಂಟಕ್ಕೆ ಇಳಿಸೋಕೆ ಒಂದು ವಾರ ಹೋಯ್ತು. ಡಿಜಿಟಲ್ ಪ್ರಿಂಟ್‌ಗೆ ಈ ಎರಡೂ ತಲೆನೋವಿಲ್ಲ, ಆದ್ರೆ ಯಾರು ಯಾವುದಕ್ಕೆ ತಗೋತಾರೆ ಅಂತ ಬಿಡಿಸೋವಾಗ ಗೊತ್ತಿರಲ್ಲವಲ್ಲ, ಈಗ ಎಲ್ಲಾನೂ 64 ಅಥವಾ 32ರಲ್ಲೇ ಮಾಡೋದು.

ನೋವಾಗಲ್ವಾ ಅಂದ್ರೆ ಒಂದ್ಸಲ ಆಗಿದೆ. ನಾನು ತಿಳಿ ನೀಲಿಯಲ್ಲಿ ಮಾಡಿ ಮಾರಿದ್ದ ಒಂದು ಪ್ಯಾಟರ್ನು ಒಂದು ಹೋಟೆಲ್ ಪರದೆ ಮೇಲೆ ಕೆಸರು ಕಂದು ಬಣ್ಣದಲ್ಲಿ ನೇತಾಡ್ತಿತ್ತು. ಫೋಟೋ ತೆಗೆದ್ಕೊಂಡೆ, ಎಲ್ಲೂ ಹಾಕೋ ಹಾಗಿಲ್ಲ, ಮಾರಿದ ಡಿಸೈನನ್ನ ಪೋರ್ಟ್‌ಫೋಲಿಯೋಲಿ ತೋರ್ಸೋಕೂ ಅವರ ಅನುಮತಿ ಬೇಕು. ಹೊಸಬರಿಗೆ ಇದು ನಿಜವಾದ ತೊಂದ್ರೆ, ಒಳ್ಳೊಳ್ಳೇದೆಲ್ಲ ಮಾರಿಹೋಗಿ ತೋರ್ಸೋಕೆ ಉಳಿಯೋದು ಮಿಕ್ಕಿದ್ದೇ. ನಾನು ವರ್ಷಕ್ಕೆ ಒಂದು ಸೆಟ್ ಮಾರದೆ ತೋರ್ಸೋಕೆ ಅಂತಾನೇ ಇಟ್ಕೋತೀನಿ.

ನನ್ನ ಫ್ರೆಂಡ್ ಒಬ್ಳು ಲೈಸೆನ್ಸ್ ಪಕ್ಷ. ನಿನ್ನ ಡಿಸೈನು ನಾಳೆ ಯೂನಿಕ್ಕೋ ಥರ ಆಗ್ಬಿಟ್ರೆ ಏನ್ ಮಾಡ್ತೀಯ ಅಂತಾಳೆ. ಫಿನ್ಲೆಂಡಿನ ಮಾರಿಮೆಕ್ಕೋ ಅನ್ನೋ ಬಟ್ಟೆ ಕಂಪನೀಲಿ ಹೂವಿನ ಪ್ರಿಂಟ್ ಬೇಡ ಅಂತ ಯಜಮಾನಿ ಹೇಳಿದ್ಮೇಲೂ ಮಾಯ್ಯಾ ಇಸೋಲಾ 1964ರಲ್ಲಿ ಬಿಡಿಸಿದ ದೊಡ್ಡ ಗಸಗಸೆ ಹೂವು ಅದು, ಇವತ್ತಿಗೂ ಪ್ರಿಂಟ್ ಆಗ್ತಿದೆ. ಅವಳ ಇನ್ನೊಂದು ಅಸ್ತ್ರ ಬ್ರಿಟನ್ನಿನ ಬಟ್ಟೆ ಡಿಸೈನರ್ ಲೂಸಿಯೆನ್ ಡೇ. 1951ರ ಫೆಸ್ಟಿವಲ್ ಆಫ್ ಬ್ರಿಟನ್‌ಗೆ ಅವರು ಮಾಡಿದ ಕ್ಯಾಲಿಕ್ಸ್ ಪ್ರಿಂಟನ್ನ ಲಂಡನ್‌ನ ಹೀಲ್ಸ್ ಅಂಗಡಿಯವರು ಇದು ಓಡೋದು ಅನುಮಾನ ಅಂತ ಮೊದ್ಲು ಅರ್ಧ ಫೀಸಷ್ಟೇ ಕೊಟ್ಟು ತಗೊಂಡಿದ್ರಂತೆ, ಅದಕ್ಕೆ ಅದೇ ವರ್ಷ ಮಿಲಾನ್ ಟ್ರಿಯೆನಾಲೆಯಲ್ಲಿ ಚಿನ್ನದ ಪದಕ ಬಂತು, ಬಟ್ಟೆ ವರ್ಷಗಟ್ಟಲೆ ಮಾರಾಟ ಆಯ್ತು. ನೋಡು, ಯಾವುದು ಓಡುತ್ತೆ ಅಂತ ಕೊಳ್ಳೋರಿಗೂ ಗೊತ್ತಿರಲ್ಲ, ಅದಕ್ಕೇ ಪಾಲು ಇಟ್ಕೋ ಅಂತಾಳೆ. ವಾದ ಸರಿಯಾಗೇ ಇದೆ. ನನ್ನ ಉತ್ತರ ಏನಂದ್ರೆ, ನನಗೂ ಗೊತ್ತಿರಲ್ಲ, ಅದಕ್ಕೇ ಈಗ್ಲೇ ದುಡ್ಡು ಕೊಡಿ ಅನ್ನೋದು. ಅಂದಹಾಗೆ ಅವಳಿಗೆ ವಾರಕ್ಕೆ ಮೂರು ದಿನ ಡ್ರಾಯಿಂಗ್ ಪಾಠ ಹೇಳೋ ಸಂಬಳ ಇದೆ, ಕಾಯೋಕೆ ಆಗುತ್ತೆ.

ನನಗೆ ಆಗಲ್ಲ. ನನ್ನತ್ರ ಯಾವಾಗ ನೋಡಿದ್ರೂ ಮೂರು ತಿಂಗಳ ಖರ್ಚಿಗಿಂತ ಜಾಸ್ತಿ ಉಳಿತಾಯ ಇರಲ್ಲ, ಲೈಸೆನ್ಸ್‌ನಲ್ಲಿ ಡಿಸೈನ್ ಕೊಟ್ಟು ಮೊದಲ ರಾಯಲ್ಟಿ ಕಣ್ಣಿಗೆ ಬೀಳೋಕೆ ಎಲ್ಲ ಸರಿ ಹೋದ್ರೂ ಒಂದೂವರೆ ವರ್ಷ. ಜೊತೆಗೆ ನಾನು ಬೇಗ ಬಿಡಿಸ್ತೀನಿ, ವಾರಕ್ಕೆ ನಾಲ್ಕೈದು ಪ್ಯಾಟರ್ನ್ ಆಗುತ್ತೆ, ಮುಗಿದ ಮೇಲೆ ಅದರ ಮೇಲೆ ಮಮಕಾರ ಇರಲ್ಲ. ಮೇಲ್‌ಗೆ ಫಾಲೋ ಅಪ್ ಮಾಡೋದು, ಸ್ಟೇಟ್‌ಮೆಂಟ್ ತಾಳೆ ನೋಡೋದು ನನ್ನ ಕೈಲಾಗಲ್ಲ. ನಿಧಾನಕ್ಕೆ, ವರ್ಷಕ್ಕೆ ಎರಡೇ ಕಲೆಕ್ಷನ್ ಮಾಡಿ, ತಮ್ಮದೇ ಅಂತ ಗುರುತು ಸಿಗೋ ಕೈ ಇರೋರು, ಬೇರೆ ಆದಾಯ ಇರೋರು ನನ್ನ ಮಾತು ಕೇಳ್ಬೇಡಿ, ಲೈಸೆನ್ಸ್‌ಗೇ ಹೋಗಿ, ಅಗ್ರಿಮೆಂಟ್‌ನ ಆ ಕೊನೇ ಸಾಲು ಮಾತ್ರ ಹೊಡೆದುಹಾಕ್ಸಿ.

ಎಲೆಗಳ ಕಲೆಕ್ಷನ್‌ನ ಅಗ್ರಿಮೆಂಟ್ ಮುಗಿಯೋಕೆ ಇನ್ನೂ ಎಂಟು ತಿಂಗಳಿದೆ. ಫೈಲ್‌ಗಳನ್ನ 64ಕ್ಕೆ ಬದಲಾಯಿಸಿ, ಎಂಟು ಬಣ್ಣಕ್ಕೆ ಇಳಿಸಿ ರೆಡಿ ಇಟ್ಟಿದೀನಿ, ಏಜೆಂಟ್‌ಗೆ ತಾರೀಖೂ ಹೇಳಿಯಾಗಿದೆ. ಮಕ್ಕಳ ಬಟ್ಟೆಯೋರು ಅಷ್ಟೊತ್ತಿಗೆ ಇನ್ನೂ ಕೇಳ್ತಿರ್ತಾರೋ ಇಲ್ವೋ, ನೋಡೋಣ.