ಆನೋಡಿಗೆ ನಿಕಲ್-ಕಬ್ಬಿಣವೋ, ಇರಿಡಿಯಮ್ಮೋ, ರುಥೇನಿಯಮ್ಮೋ?

ವಿದ್ಯುತ್ತಿನಿಂದ ನೀರನ್ನು ಒಡೆದು ಹೈಡ್ರೋಜನ್ ತೆಗೆಯುವ ಕೋಶದಲ್ಲಿ ಆಕ್ಸಿಜನ್ ಹೊರಬರುವ ಎಲೆಕ್ಟ್ರೋಡೇ ಆನೋಡು. ಅದರ ಮೇಲಿನ ವೇಗವರ್ಧಕ (ಕ್ರಿಯೆಯನ್ನು ಚುರುಕಾಗಿಸುವ ವಸ್ತು) ಹಾಕಿದ್ದು ಹಾಕಿದ ಹಾಗೇ ಉಳಿಯುವುದಿಲ್ಲ. ಹಾಗಾಗಿ ಆರಿಸುವಾಗ ಬೆಲೆಯ ಜೊತೆಗೆ ಅದು ಮುಂದೆ ಏನಾಗುತ್ತದೆ ಎಂಬುದನ್ನೂ ನೋಡಬೇಕು.

ಬೆಲೆಯಲ್ಲಿ ನಿಕಲ್ಲೇ ಅಗ್ಗ. ಇರಿಡಿಯಂ ಇಡೀ ಜಗತ್ತಿಗೆ ವರ್ಷಕ್ಕೆ ಸಿಗುವುದೇ ಸುಮಾರು 7–8 ಟನ್, ಬಹುಪಾಲು ದಕ್ಷಿಣ ಆಫ್ರಿಕಾದಿಂದ.

ನಿಕಲ್ ಬಳಸುವುದು ಕ್ಷಾರೀಯ ಕೋಶದಲ್ಲಿ. ಅದರ 25–30% ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ವಿದ್ಯುತ್ ಹರಿದಾಗ ನಿಕಲ್ ಹೈಡ್ರಾಕ್ಸೈಡಿನ ತಿಳಿಹಸಿರು ಪದರ ಕಪ್ಪಾಗಿ ಆಕ್ಸಿಹೈಡ್ರಾಕ್ಸೈಡ್ ಆಗುತ್ತದೆ. ದ್ರಾವಣದಲ್ಲಿರುವ ಲವಲೇಶ ಕಬ್ಬಿಣ ಅದರೊಳಗೆ ಸೇರಿ ಚುರುಕು ಏರಿಸುತ್ತದೆ; ಕಬ್ಬಿಣ ಕರಗಿ ಹೊರಬಂದರೆ ಚುರುಕು ಇಳಿಯುತ್ತದೆ. ಅದೇ ಕಬ್ಬಿಣ ಇನ್ನೊಂದು ಬಗೆಯ, ಕ್ಷಾರ ದ್ರಾವಣದ ಬದಲು ಆಮ್ಲೀಯ ಪಾಲಿಮರ್ ಪೊರೆಯಿರುವ ಕೋಶಕ್ಕೆ ಸೇರಿದರೆ ಪೊರೆಯನ್ನೇ ತಿಂದುಹಾಕುತ್ತದೆ.

ಆ ಆಮ್ಲೀಯ ಕೋಶದಲ್ಲಿ ರುಥೇನಿಯಂ ಹೆಚ್ಚು ಚುರುಕು, ಆದರೆ ಬೇಗ ಕರಗುತ್ತದೆ. ಅಲ್ಪಾವಧಿ ಪ್ರಯೋಗಕ್ಕೆ ಸಾಕು. ಇರಿಡಿಯಂ ಆಕ್ಸೈಡ್ ತಾಳುತ್ತದೆ, ಅದರಲ್ಲೂ ಹೆಚ್ಚಿನ ಉಷ್ಣದಲ್ಲಿ ಸುಟ್ಟು ಸ್ಫಟಿಕವಾಗಿಸಿದ್ದು. ಸ್ಫಟಿಕವಾಗದ ರೂಪ ಚುರುಕಾದರೂ ಬೇಗ ಸವೆಯುತ್ತದೆ.

ವಿದ್ಯುತ್ ಒಂದೇ ಸಮ ಬರುವುದಾದರೆ ನಿಕಲ್ ಆರಿಸಿ. ಸೌರವಿದ್ಯುತ್ತಿನ ಏರಿಳಿತಕ್ಕೆ, ಜಾಗ ಕಡಿಮೆಯಿದ್ದರೆ, ಇರಿಡಿಯಂ. ಕ್ಷಾರೀಯ ಘಟಕವನ್ನು ಪದೇಪದೇ ನಿಲ್ಲಿಸಬೇಡಿ: ನಿಂತಾಗ ಹಿಮ್ಮುಖ ವಿದ್ಯುತ್ ಹರಿದು ಎರಡೂ ಎಲೆಕ್ಟ್ರೋಡುಗಳ ಲೇಪ ಹಾಳಾಗುತ್ತದೆ. ನಿಲ್ಲಿಸಲೇಬೇಕಾದರೆ ಸಣ್ಣ ರಕ್ಷಣಾ ವಿದ್ಯುತ್ ಹರಿಯುತ್ತಿರಲಿ.